ಗ್ಯಾಲಕ್ಸಿಗಳ ಜಮಾಖರ್ಚು

(ಮಂಡ್ಯದಲ್ಲಿ ಪದವಿ ವಿದ್ಯಾರ್ಥಿಗಳಿಗೂ ಊರಿನ ಆಸಕ್ತರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ)

ಒಳಗೆ ಬರುವಾಗ ಬಾಗಿಲ ಹತ್ತಿರ ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ನನ್ನನ್ನು ನಿಲ್ಲಿಸಿ ಕೇಳಿದಳು. "ಮೇಡಂ, ಡಾರ್ಕ್ ಮ್ಯಾಟರ್ ಕಣ್ಣಿಗೆ ಕಾಣಲ್ಲ. ಯಾವ ಯಂತ್ರಕ್ಕೂ ಇನ್ನೂ ಸಿಕ್ಕಿಲ್ಲ. ಅದನ್ನ ನೀವು ಕಂಪ್ಯೂಟರಿಗೆ ಹೇಗೆ ಹಾಕ್ತೀರ?" ಒಂದು ಗಂಟೆ ಮಾತಾಡಲು ನಾನು ಬರೆದುಕೊಂಡು ಬಂದಿದ್ದನ್ನೆಲ್ಲ ಅವಳು ಒಂದೇ ಪ್ರಶ್ನೆಯಲ್ಲಿ ಮುಗಿಸಿಬಿಟ್ಟಳು. ಅವಳಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ಕಾಣದ ವಸ್ತುವನ್ನು ಕಂಪ್ಯೂಟರಿಗೆ ಹಾಕುವುದು ಸುಲಭ. ನಮ್ಮ ಜೀವ ತಿನ್ನುವುದು ಕಾಣುವ ವಸ್ತು. ಅವಳು ನಂಬಲಿಲ್ಲ, ಮುಖದಲ್ಲೇ ಗೊತ್ತಾಯಿತು. ನೀವೂ ಈಗಲೇ ನಂಬಬೇಕಾಗಿಲ್ಲ.

ಈ ಕಾಣದ ವಸ್ತುವಿನ ಸುಳಿವು ಸಿಕ್ಕಿದ್ದು ಯಾವಾಗ ಅನ್ನುವುದನ್ನು ಮಂಡ್ಯದವರು ಸುಲಭವಾಗಿ ನೆನಪಿಡಬಹುದು. ನಮ್ಮ ಮೈಷುಗರ್ ಕಂಪನಿ ಹುಟ್ಟಿದ ವರ್ಷ ಅದು, 1933. ಆ ವರ್ಷ ಫ್ರಿಟ್ಸ್ ಜ್ವಿಕಿ ಅನ್ನುವ ಖಗೋಳ ವಿಜ್ಞಾನಿ ಕೋಮಾ ಅನ್ನುವ ದೊಡ್ಡ ಗ್ಯಾಲಕ್ಸಿ ಗುಂಪಿನ ಲೆಕ್ಕ ಹಾಕಿದ. ಗ್ಯಾಲಕ್ಸಿ ಅಂದರೆ ಕೋಟಿ ಕೋಟಿ ನಕ್ಷತ್ರಗಳ ಒಂದು ಊರು. ಆ ಗುಂಪಿನೊಳಗಿನ ಗ್ಯಾಲಕ್ಸಿಗಳು ಓಡುವ ವೇಗ ಎಷ್ಟು ಜಾಸ್ತಿ ಇತ್ತೆಂದರೆ, ಕಾಣುವ ನಕ್ಷತ್ರಗಳ ತೂಕದಿಂದ ಅವನ್ನು ಹಿಡಿದಿಡಲು ಸಾಧ್ಯವೇ ಇರಲಿಲ್ಲ. ಗುಂಪು ಯಾವತ್ತೋ ಚದುರಿ ಹೋಗಬೇಕಿತ್ತು. ಚದುರಿಲ್ಲ. ಹಾಗಾದರೆ ಕಾಣದ ತೂಕ ಇನ್ನೇನೋ ಇದೆ ಅಂತ ಜ್ವಿಕಿ ಹೇಳಿದ. ಆಗ ಬಹಳ ಜನ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿ ತಿರುಗುವುದನ್ನು ಅಳೆದರು. ನಮ್ಮ ಸೌರಮಂಡಲದಲ್ಲಿ ಸೂರ್ಯನ ಹತ್ತಿರದ ಬುಧ ಸೆಕೆಂಡಿಗೆ ಸುಮಾರು 47 ಕಿಲೋಮೀಟರ್ ಓಡುತ್ತದೆ, ದೂರದ ನೆಪ್ಚೂನ್ ಐದೂವರೆ ಕಿಲೋಮೀಟರ್ ಕೂಡ ಓಡುವುದಿಲ್ಲ. ದೂರ ಹೋದಂತೆ ಸೆಳೆತ ಕಡಿಮೆ, ಹಾಗಾಗಿ ವೇಗವೂ ಕಡಿಮೆ. ಗ್ಯಾಲಕ್ಸಿಯಲ್ಲೂ ಹೀಗೇ ಇರಬೇಕು ಅಲ್ವಾ? ಇರಲಿಲ್ಲ. ಹೊರಗೆ ಹೋದರೂ ವೇಗ ಇಳಿಯಲೇ ಇಲ್ಲ. ಬೆಳಕು ಮುಗಿದ ಕಡೆಯೂ ತೂಕ ಮುಗಿದಿರಲಿಲ್ಲ.

ಇವತ್ತಿನ ಲೆಕ್ಕದಲ್ಲಿ ಬ್ರಹ್ಮಾಂಡದ ದ್ರವ್ಯವನ್ನು ಆರು ಪಾಲು ಮಾಡಿದರೆ ಸುಮಾರು ಐದು ಪಾಲು ಈ ಕಪ್ಪು ದ್ರವ್ಯ, ಅಂದರೆ ಆ ಹುಡುಗಿ ಕೇಳಿದ ಡಾರ್ಕ್ ಮ್ಯಾಟರ್. ನಾವು, ನೀವು, ಕೆ.ಆರ್.ಎಸ್. ಅಣೆಕಟ್ಟು, ಸೂರ್ಯ, ಎಲ್ಲ ಸೇರಿ ಉಳಿದ ಒಂದು ಪಾಲು. 'ಕಪ್ಪು' ಅನ್ನುವ ಪದ ನನಗೆ ಇಷ್ಟವಿಲ್ಲ. ಕಪ್ಪಗಿರುವುದು ಬೆಳಕನ್ನು ತಡೆಯುತ್ತದೆ, ಇದು ತಡೆಯುವುದೂ ಇಲ್ಲ. ಗಾಜಿಗಿಂತ ಪಾರದರ್ಶಕ. ಆದರೆ ಪದ ರೂಢಿಯಾಗಿಬಿಟ್ಟಿದೆ, ಬಿಡಿ.

ಒಂದೊಂದು ಗ್ಯಾಲಕ್ಸಿಯೂ ಈ ದ್ರವ್ಯದ ಒಂದು ದೊಡ್ಡ ಮುದ್ದೆಯೊಳಗೆ ಕೂತಿರುತ್ತದೆ. ಅದಕ್ಕೆ ಹೇಲೋ ಅನ್ನುತ್ತೇವೆ. ಕೆಲವರು ಕನ್ನಡದಲ್ಲಿ ಪ್ರಭಾವಳಿ ಅಂತ ಬರೆಯುತ್ತಾರೆ. ನನಗೆ ನಗು ಬರುತ್ತದೆ. ದೇವಸ್ಥಾನದಲ್ಲಿ ಮೂರ್ತಿಯ ಹಿಂದೆ ಫಳಫಳ ಹೊಳೆಯುವುದು ಪ್ರಭಾವಳಿ. ಇಲ್ಲಿ ಎಲ್ಲ ಉಲ್ಟಾ. ಹೊಳೆಯುವುದು ಮೂರ್ತಿ, ಪ್ರಭಾವಳಿಗೆ ಬೆಳಕೇ ಇಲ್ಲ. ತೂಕವೂ ಮೂರ್ತಿಗಿಂತ ಪ್ರಭಾವಳಿಗೇ ಜಾಸ್ತಿ. ಗಾತ್ರ ಬೇಕಾದರೆ ನೋಡಿ. ನಮ್ಮ ಆಕಾಶಗಂಗೆಯ ತಟ್ಟೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲ. ಅದನ್ನು ಒಂದು ಅಡಿಯ ಊಟದ ತಟ್ಟೆ ಅಂದುಕೊಂಡರೆ ದಪ್ಪ ಮೂರು ಮಿಲಿಮೀಟರ್, ಒಳ್ಳೆಯ ಒಬ್ಬಟ್ಟಿನಷ್ಟು. ಅದರ ಹೇಲೋ ಹನ್ನೆರಡು-ಹದಿಮೂರು ಅಡಿಯ ಚೆಂಡು. ಈ ವೇದಿಕೆಯ ಮೇಲೆ ಇಟ್ಟರೆ ಚಾವಣಿಗೆ ತಗಲುತ್ತದೆ. ಈ ತಟ್ಟೆ ಮತ್ತು ಚೆಂಡನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಹೇಲೋ ಬೆಳೆಯುವುದು ಹೇಗೆ? ಬ್ರಹ್ಮಾಂಡ ಚಿಕ್ಕದಿದ್ದಾಗ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ ಇತ್ತು. ಆ ಕಾಲದ ಬೆಳಕಿನಲ್ಲಿ ಇವತ್ತು ನಮಗೆ ಕಾಣುವ ಏರುಪೇರು ಲಕ್ಷಕ್ಕೆ ಒಂದರ ಲೆಕ್ಕದ್ದು. ಎಲ್ಲಿ ಸ್ವಲ್ಪ ಜಾಸ್ತಿ ಇತ್ತೋ ಅಲ್ಲಿ ಗುರುತ್ವ ಸ್ವಲ್ಪ ಜಾಸ್ತಿ. ಅದು ಅಕ್ಕಪಕ್ಕದ್ದನ್ನು ಎಳೆದುಕೊಂಡಿತು. ಎಳೆದುಕೊಂಡಷ್ಟೂ ಸೆಳೆತ ಹೆಚ್ಚಿತು. ಇದ್ದವನಿಗೇ ಇನ್ನಷ್ಟು ಸೇರುವುದು ಊರಲ್ಲೂ ನೋಡಿದ್ದೀರಿ. ಮೊದಲು ಚಿಕ್ಕ ಚಿಕ್ಕ ಮುದ್ದೆಗಳು ಆದವು. ಅವು ಒಂದರೊಳಗೊಂದು ಸೇರಿ ದೊಡ್ಡದಾದವು. ಇವತ್ತಿಗೂ ಸೇರುತ್ತಲೇ ಇವೆ.

ಇದನ್ನು ಲೆಕ್ಕ ಹಾಕುವ ಕತೆ ಚೆನ್ನಾಗಿದೆ, ಸ್ವಲ್ಪ ದಾರಿ ಬಿಟ್ಟು ಹೇಳುತ್ತೇನೆ. 1941, ಸ್ವೀಡನ್. ಕಂಪ್ಯೂಟರ್ ಅನ್ನುವುದು ಇನ್ನೂ ಇಲ್ಲ. ಎರಿಕ್ ಹೋಲ್ಮ್‌ಬರ್ಗ್ ಅನ್ನುವವನಿಗೆ ಎರಡು ಗ್ಯಾಲಕ್ಸಿ ಪಕ್ಕದಲ್ಲಿ ಹಾದುಹೋದರೆ ಏನಾಗುತ್ತದೆ ಅಂತ ನೋಡಬೇಕಿತ್ತು. ಅವನು ಏನು ಮಾಡಿದ ಗೊತ್ತಾ? ಬಲ್ಬು ಜೋಡಿಸಿದ. ಒಂದೊಂದು ಗ್ಯಾಲಕ್ಸಿಗೆ 37, ಒಟ್ಟು 74 ಬಲ್ಬು. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಗುರುತ್ವವೂ ಹಾಗೇ ಇಳಿಯುತ್ತದೆ. ಹಾಗಾಗಿ ಒಂದು ಬಲ್ಬಿನ ಜಾಗದಲ್ಲಿ ನಿಂತು ಯಾವ ದಿಕ್ಕಿನಿಂದ ಎಷ್ಟು ಬೆಳಕು ಬೀಳುತ್ತಿದೆ ಅಂತ ಅಳೆದರೆ, ಯಾವ ದಿಕ್ಕಿಗೆ ಎಷ್ಟು ಸೆಳೆತ ಇದೆ ಅಂತ ಗೊತ್ತಾಗುತ್ತದೆ. ಅಳೆಯುವುದು, ಎಲ್ಲ ಬಲ್ಬುಗಳನ್ನೂ ಒಂಚೂರು ಸರಿಸುವುದು, ಮತ್ತೆ ಅಳೆಯುವುದು. ಎಷ್ಟು ತಾಳ್ಮೆ ಬೇಕು ನೋಡಿ. ಇವತ್ತಿನ ಸೂಪರ್ ಕಂಪ್ಯೂಟರ್ ಮಾಡುವುದೂ ಇದನ್ನೇ. ಸೆಳೆತ ಲೆಕ್ಕ ಹಾಕು, ಒಂಚೂರು ಸರಿಸು, ಮತ್ತೆ ಲೆಕ್ಕ ಹಾಕು. ಬಲ್ಬುಗಳ ಸಂಖ್ಯೆ ಮಾತ್ರ ಬೇರೆ.

ಎಷ್ಟು ಬೇರೆ? ಹೀಗೆ ಕಂಪ್ಯೂಟರಿನೊಳಗೆ ಬ್ರಹ್ಮಾಂಡವನ್ನು ಓಡಿಸಿ ನೋಡುವುದಕ್ಕೆ ಸಿಮ್ಯುಲೇಶನ್ ಅನ್ನುತ್ತೇವೆ. 2005ರಲ್ಲಿ ಪ್ರಕಟವಾದ ಮಿಲೇನಿಯಮ್ ಸಿಮ್ಯುಲೇಶನ್‌ನಲ್ಲಿ 1000 ಕೋಟಿ ಚುಕ್ಕೆಗಳಿದ್ದವು. 200 ಕೋಟಿ ಜ್ಯೋತಿರ್ವರ್ಷಕ್ಕಿಂತ ಉದ್ದದ ಬದಿಯಿರುವ ಒಂದು ಘನಾಕಾರದ ಪೆಟ್ಟಿಗೆ, ಅದರಲ್ಲಿ ಈ ಚುಕ್ಕೆಗಳು. ಒಂದೊಂದು ಚುಕ್ಕೆಯ ತೂಕ 100 ಕೋಟಿ ಸೂರ್ಯರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಚುಕ್ಕೆ ಅಂದಿದ್ದು ಕಪ್ಪು ದ್ರವ್ಯದ ಕಣ ಅಲ್ಲ. ದೊಡ್ಡ ರಾಶಿಯೊಂದರ ಬದಲಿಗೆ ಇಟ್ಟ ಒಂದು ಗುರುತು. ಬತ್ತದ ಲೆಕ್ಕವನ್ನು ಕಾಳಿನಲ್ಲಿ ಬರೆಯುತ್ತೀರಾ? ಮೂಟೆಯಲ್ಲಿ ಬರೆಯುತ್ತೀರಿ, ಹಾಗೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬನ್ನಿ. ಈ ಚುಕ್ಕೆಗಳು ಏನು ಮಾಡುತ್ತವೆ? ಒಂದನ್ನೊಂದು ಸೆಳೆಯುತ್ತವೆ. ಅಷ್ಟೇ. ಡಿಕ್ಕಿ ಹೊಡೆಯುವುದಿಲ್ಲ, ಬಿಸಿಯಾಗುವುದಿಲ್ಲ, ಬೆಳಕು ಬಿಡುವುದಿಲ್ಲ, ಅಂಟಿಕೊಳ್ಳುವುದಿಲ್ಲ, ಸ್ಫೋಟವಾಗುವುದಿಲ್ಲ. ಕಪ್ಪು ದ್ರವ್ಯ ಯಾವ ಕಣದಿಂದ ಆಗಿದೆ ಅಂತ ನಮಗೆ ಗೊತ್ತಿಲ್ಲ, ನಿಜ. ಆದರೆ ಈ ಲೆಕ್ಕಕ್ಕೆ ಅದು ಬೇಕಾಗಿಯೂ ಇಲ್ಲ. ತೂಕ ಇದೆ, ಶುರುವಿನಲ್ಲಿ ನಿಧಾನವಾಗಿ ಓಡಾಡುತ್ತಿತ್ತು ಅನ್ನುವ ಎರಡು ಮಾತು ಸಾಕು. ನ್ಯೂಟನ್‌ನ ನಿಯಮ ಒಂದಿದ್ದರೆ ಬಾಕಿ ಕೆಲಸ ಕಂಪ್ಯೂಟರಿನದು. ಹೀಗೆ ಬರುವ ಹೇಲೋಗಳು ಎಷ್ಟು ಶಿಸ್ತಿನವು ಅಂದರೆ, ಚಿಕ್ಕದಿರಲಿ ದೊಡ್ಡದಿರಲಿ, ಒಳಗಿಂದ ಹೊರಗೆ ಸಾಂದ್ರತೆ ಇಳಿಯುವ ರೀತಿ ಹೆಚ್ಚುಕಡಿಮೆ ಒಂದೇ. ನವಾರೊ, ಫ್ರೆಂಕ್, ವೈಟ್ ಅನ್ನುವ ಮೂವರು 1990ರ ದಶಕದಲ್ಲಿ ಅದಕ್ಕೆ ಒಂದು ಸರಳ ಸೂತ್ರವನ್ನೇ ಕೊಟ್ಟರು.

ಸಿಮ್ಯುಲೇಶನ್ ಓಡುವಾಗ ಆಗಾಗ ಒಂದು ಫೋಟೊ ತೆಗೆದ ಹಾಗೆ ಎಲ್ಲ ಚುಕ್ಕೆಗಳ ಜಾಗವನ್ನು ಬರೆದಿಡುತ್ತಾರೆ. ಮಿಲೇನಿಯಮ್‌ನಲ್ಲಿ ಹೀಗೆ 64 ಸಲ ಬರೆದಿಟ್ಟರು. ಒಂದು ಫೋಟೊದಲ್ಲಿರುವ ಹೇಲೋ ಮುಂದಿನ ಫೋಟೊದಲ್ಲಿ ಯಾವುದಾಯಿತು? ಒಂದೊಂದು ಚುಕ್ಕೆಗೂ ಒಂದು ನಂಬರ್ ಇದೆ, ರೇಷನ್ ಕಾರ್ಡಿನ ಹಾಗೆ. ಈ ಮನೆಯ ನಂಬರುಗಳಲ್ಲಿ ಮುಕ್ಕಾಲು ಪಾಲು ಈಗ ಯಾವ ಮನೆಯಲ್ಲಿ ಸಿಗುತ್ತಿವೆ ಅಂತ ಹುಡುಕಿದರೆ ಆಯಿತು. ಹೀಗೆ ಹಿಂದೆ ಹಿಂದೆ ಹೋದರೆ ಒಂದು ಮರ ಸಿಗುತ್ತದೆ. ನಮ್ಮವರು ಮರ್ಜರ್ ಟ್ರೀ ಅನ್ನುತ್ತಾರೆ. ನನಗಂತೂ ಅದು ಮರಕ್ಕಿಂತ ಹೊಳೆಯ ಹಾಗೆ ಕಾಣುತ್ತದೆ. ಟಿ. ನರಸೀಪುರದ ಸಂಗಮದಲ್ಲಿ ನಿಂತು ಕಾವೇರಿಯ ಮೇಲ್ಮುಖವಾಗಿ ನಡೆಯಿರಿ. ಅಲ್ಲೇ ಕಪಿಲೆ ಬಂದು ಸೇರಿದ್ದಾಳೆ. ಕೆ.ಆರ್.ಎಸ್. ಹಿನ್ನೀರಿನಲ್ಲಿ ಹೇಮಾವತಿ, ಲಕ್ಷ್ಮಣತೀರ್ಥ. ಇನ್ನೂ ಮೇಲೆ ಕೂಡಿಗೆಯಲ್ಲಿ ಹಾರಂಗಿ. ಅವುಗಳಿಗೂ ಒಂದೊಂದಕ್ಕೆ ನೂರು ಹಳ್ಳ ಸೇರಿವೆ. ಇವತ್ತಿನ ಒಂದು ದೊಡ್ಡ ಹೇಲೋದಿಂದ ಹಿಂದಕ್ಕೆ ಹೊರಟರೆ ಇದೇ ಚಿತ್ರ.

ಒಂದು ಕಡೆ ಮಾತ್ರ ಹೊಳೆಯ ಹೋಲಿಕೆ ಕೈಕೊಡುತ್ತದೆ. ಹಳ್ಳದ ನೀರು ಸೇರಿದ ಮೇಲೆ ಹಳ್ಳ ಉಳಿಯುವುದಿಲ್ಲ. ಹೇಲೋ ಹಾಗಲ್ಲ. ದೊಡ್ಡದರೊಳಗೆ ಬಿದ್ದ ಚಿಕ್ಕ ಹೇಲೋ ಬಹಳ ಕಾಲ ಚಿಕ್ಕದಾಗಿಯೇ ಒಳಗೆ ಸುತ್ತುತ್ತಿರುತ್ತದೆ. ಎಷ್ಟು ಕಾಲ? ಅದಕ್ಕೆ 1943ರಲ್ಲಿ ಎಸ್. ಚಂದ್ರಶೇಖರ್ ಬರೆದ ಒಂದು ಸೂತ್ರ ಇವತ್ತಿಗೂ ನಮ್ಮ ಕೋಡಿನಲ್ಲಿ ಕೂತಿದೆ. ಅರ್ಥ ಹೀಗೆ. ಮೇಲುಕೋಟೆಯ ವೈರಮುಡಿ ಜಾತ್ರೆಯ ಜನರ ಮಧ್ಯೆ ನಾನು ನಡೆದರೆ ಯಾರೂ ಗಮನಿಸಲ್ಲ, ಸುಮ್ನೆ ಹೋಗಿಬಿಡುತ್ತೇನೆ. ಒಬ್ಬ ಸಿನಿಮಾ ನಟ ನಡೆದರೆ? ಹಾದುಹೋದ ದಾರಿಯಲ್ಲಿ ಜನ ಹಿಂದಿನಿಂದ ಮುತ್ತುತ್ತಾರೆ, ಅಂಗಿ ಹಿಡಿದು ಎಳೆಯುತ್ತಾರೆ, ಅವನ ನಡಿಗೆ ನಿಧಾನವಾಗುತ್ತದೆ. ತೂಕದ ಹೇಲೋ ಹಾದುಹೋಗುವಾಗ ಅದರ ಹಿಂದೆ ದ್ರವ್ಯ ಗುಂಪಾಗಿ ಅದನ್ನು ಹಿಂದಕ್ಕೆ ಎಳೆಯುತ್ತದೆ. ಹಾಗಾಗಿ ದೊಡ್ಡದು ಬೇಗ ನಡುವಿಗೆ ಮುಳುಗುತ್ತದೆ. ಚಿಕ್ಕದು ಕೋಟ್ಯಂತರ ವರ್ಷ ಸುತ್ತುತ್ತಲೇ ಇರುತ್ತದೆ. ಸುತ್ತುವಾಗ ಈರುಳ್ಳಿ ಸಿಪ್ಪೆಯ ಹಾಗೆ ಹೊರಗಿನ ಪದರಗಳು ಕಳಚುತ್ತವೆ. 1994ರಲ್ಲಿ ಕಂಡುಹಿಡಿದ ಧನು ಕುಬ್ಜ ಗ್ಯಾಲಕ್ಸಿಗೆ ಈಗ ಇದೇ ಆಗುತ್ತಿದೆ. ನಮ್ಮ ಆಕಾಶಗಂಗೆ ಅದನ್ನು ಸುಲಿಯುತ್ತಿದೆ. ಸುಲಿದ ನಕ್ಷತ್ರಗಳು ಉದ್ದನೆಯ ದಾರದ ಹಾಗೆ ಆಕಾಶವನ್ನು ಸುತ್ತಿಕೊಂಡಿವೆ.

ನಮ್ಮ ಕಸುಬಿನ ಒಂದು ಪದ ಹೇಳಿಬಿಡುತ್ತೇನೆ. ಕೆಲವು ಸಲ ಹೇಲೋ ಸವೆದು ಸವೆದು ಸಿಮ್ಯುಲೇಶನ್‌ನಲ್ಲಿ ಗುರುತೇ ಸಿಗದ ಹಾಗಾಗುತ್ತದೆ. ಆದರೆ ಅದರ ನಡುವೆ ಇದ್ದ ಗ್ಯಾಲಕ್ಸಿ ಗಟ್ಟಿ, ಅದು ಇನ್ನೂ ಉಳಿದಿರಬೇಕು. ಮನೆ ಬಿತ್ತು, ಮಗು ಉಳಿಯಿತು. ಅಂಥದ್ದಕ್ಕೆ ಅನಾಥ ಗ್ಯಾಲಕ್ಸಿ ಅನ್ನುತ್ತೇವೆ. ಅದು ಇನ್ನೆಷ್ಟು ದಿನ ಬದುಕುತ್ತದೆ ಅನ್ನುವುದಕ್ಕೇ ಚಂದ್ರಶೇಖರ್ ಸೂತ್ರ ಬೇಕಾಗುವುದು.

ಇಲ್ಲಿಗೆ ಸುಲಭದ ಭಾಗ ಮುಗಿಯಿತು. ಇನ್ನು ಕಾಣುವ ವಸ್ತು.

ಆರನೇ ಪಾಲು ಅಂದೆನಲ್ಲ, ಅದು ಮೊದಲು ಬರೀ ಅನಿಲ. ಕಪ್ಪು ದ್ರವ್ಯದ ಜೊತೆ ಅದೂ ಹೇಲೋದೊಳಗೆ ಬೀಳುತ್ತದೆ. ಬಿದ್ದ ರಭಸಕ್ಕೆ ಬಿಸಿಯಾಗುತ್ತದೆ. ನಮ್ಮ ಆಕಾಶಗಂಗೆಯಂಥ ಹೇಲೋದಲ್ಲಿ ಹತ್ತು ಲಕ್ಷ ಡಿಗ್ರಿಯ ಹತ್ತಿರ. ಅಷ್ಟು ಬಿಸಿಯಲ್ಲಿ ನಕ್ಷತ್ರ ಆಗುವುದಿಲ್ಲ. ಅನಿಲ ಬೆಳಕನ್ನು ಚೆಲ್ಲಿ ತಣ್ಣಗಾಗಬೇಕು, ನಡುವಿಗೆ ಇಳಿಯಬೇಕು, ತಿರುಗುತ್ತಾ ತಟ್ಟೆಯಾಗಬೇಕು, ಆ ಮೇಲೆ ನಕ್ಷತ್ರ. ಕಪ್ಪು ದ್ರವ್ಯಕ್ಕೆ ಹೀಗೆ ತಣ್ಣಗಾಗುವ ದಾರಿಯೇ ಇಲ್ಲ, ಅದಕ್ಕೇ ಅದು ಚೆಂಡಾಗಿಯೇ ಉಳಿಯಿತು. 1978ರಲ್ಲಿ ಸೈಮನ್ ವೈಟ್ ಮತ್ತು ಮಾರ್ಟಿನ್ ರೀಸ್ ಈ ಚಿತ್ರವನ್ನು ಕೊಟ್ಟರು. ಇವತ್ತಿಗೂ ನಮ್ಮ ಕೆಲಸದ ಅಡಿಪಾಯ ಅದೇ.

ಮದ್ದೂರಿನ ಹತ್ತಿರ ನಮ್ಮ ತಾತನದ್ದೊಂದು ಆಲೆಮನೆ ಇತ್ತು. ರಜೆಯಲ್ಲಿ ಅಲ್ಲೇ ಬಿದ್ದಿರುತ್ತಿದ್ದೆ. ಗಾಣದಿಂದ ಕಬ್ಬಿನ ಹಾಲು ಬರುತ್ತದೆ, ಕೊಪ್ಪರಿಗೆಯಲ್ಲಿ ಕುದಿಯುತ್ತದೆ, ಮಡ್ಡಿ ತೆಗೆಯುತ್ತಾರೆ, ಪಾಕ ಬಂದ ಮೇಲೆ ಆರಿಸಿ ಅಚ್ಚಿಗೆ ಹಾಕುತ್ತಾರೆ. ಸಾವಿರ ಕಿಲೋ ಕಬ್ಬಿಗೆ ನೂರು ಕಿಲೋ ಆಸುಪಾಸು ಬೆಲ್ಲ. ತಾತ ಒಂದು ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದರು. ಎಷ್ಟು ಕಬ್ಬು ಬಂತು, ಎಷ್ಟು ಹಾಲು, ಎಷ್ಟು ಬೆಲ್ಲ, ಎಷ್ಟು ಸಿಪ್ಪೆ ಒಲೆಗೆ ಹೋಯಿತು. ಗುಳ್ಳೆ ಹೇಗೆ ಏಳುತ್ತದೆ, ಪಾಕ ಯಾಕೆ ಎಳೆ ಬರುತ್ತದೆ ಅನ್ನುವ ರಸಾಯನಶಾಸ್ತ್ರ ಅವರಿಗೆ ಗೊತ್ತಿರಲಿಲ್ಲ. ಆದರೆ ನಾಳೆ ಎಷ್ಟು ಬೆಲ್ಲ ಬರುತ್ತದೆ ಅಂತ ಕರಾರುವಾಕ್ಕಾಗಿ ಹೇಳುತ್ತಿದ್ದರು.

ನಾನು ಮಾಡುವ ಕೆಲಸ ಆ ಪುಸ್ತಕ ಬರೆಯುವುದು. ಇದಕ್ಕೆ ಸೆಮಿ ಅನಲಿಟಿಕ್ ಮಾದರಿ ಅಂತ ಹೆಸರು. ಹೇಲೋಗಳ ಮರವನ್ನು ಸಿಮ್ಯುಲೇಶನ್‌ನಿಂದ ತೆಗೆದುಕೊಳ್ಳುತ್ತೇವೆ. ಮರದ ಒಂದೊಂದು ಕೊಂಬೆಗೂ ಒಂದು ಖಾತೆ. ಬಿಸಿ ಅನಿಲ ಎಷ್ಟು, ತಣ್ಣನೆಯ ಅನಿಲ ಎಷ್ಟು, ನಕ್ಷತ್ರ ಎಷ್ಟು, ಹೊರಗೆ ಚೆಲ್ಲಿದ್ದು ಎಷ್ಟು, ನಡುವಿನ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ತೂಕ ಎಷ್ಟು. ಒಂದೊಂದು ಹೆಜ್ಜೆಗೂ ಈ ಖಾತೆಯಿಂದ ಆ ಖಾತೆಗೆ ವರ್ಗಾವಣೆ. ಇಷ್ಟು ಅನಿಲ ಇದ್ದರೆ ಇಷ್ಟು ವರ್ಷದಲ್ಲಿ ಇಷ್ಟು ನಕ್ಷತ್ರ ಅಂತ ಒಂದು ಸರಳ ಸೂತ್ರ. ಇದರಿಂದ ಮಿಲೇನಿಯಮ್ ಪೆಟ್ಟಿಗೆಯಲ್ಲಿ ಸುಮಾರು 2 ಕೋಟಿ ಗ್ಯಾಲಕ್ಸಿಗಳ ಜಾತಕ ಬರೆದರು.

ಪುಸ್ತಕದ ಕೆಲಸ ಅಂದ ಮೇಲೆ ನನ್ನದೇ ಒಂದು ಎಡವಟ್ಟು ಹೇಳಲೇಬೇಕು. ಪಿಎಚ್.ಡಿ. ಮಾಡುವಾಗ ನನ್ನ ಬ್ರಹ್ಮಾಂಡದಲ್ಲಿ ಅನಿಲ ಹೆಚ್ಚುತ್ತಲೇ ಹೋಗುತ್ತಿತ್ತು. ಎಲ್ಲಿಂದ ಬರುತ್ತಿದೆ ಅಂತ ಮೂರು ವಾರ ಹುಡುಕಿದೆ. ನಮ್ಮ ಗೈಡ್ ನೋಡಿ, "ಏನಮ್ಮ, ಬ್ರಹ್ಮಾಂಡಕ್ಕೆ ಬಡ್ಡಿ ಬರ್ತಾ ಇದೆಯಾ?" ಅಂದರು. ಎರಡು ಹೇಲೋ ಸೇರಿದಾಗ ಚಿಕ್ಕದರ ಅನಿಲವನ್ನು ದೊಡ್ಡದರ ಖಾತೆಗೆ ಜಮಾ ಮಾಡಿದ್ದೆ, ಚಿಕ್ಕದರ ಖಾತೆಯಿಂದ ಕಳೆಯುವುದನ್ನು ಮರೆತಿದ್ದೆ. ಒಂದೇ ಸಾಲು. ಆ ಮೇಲಿಂದ ನನ್ನ ಪ್ರತಿ ಪ್ರೋಗ್ರಾಮಿನ ಕೊನೆಯಲ್ಲೂ ಒಟ್ಟು ಕೂಡಿಸಿ ನೋಡುವ ಒಂದು ಸಾಲು ಇರುತ್ತದೆ.

ಲೆಕ್ಕ ಸರಿ ಮಾಡಿದ ಮೇಲೂ ಉತ್ತರ ತಪ್ಪೇ ಬಂತು. ನನಗೆ ಮಾತ್ರ ಅಲ್ಲ, ಶುರುವಿನಲ್ಲಿ ಎಲ್ಲರಿಗೂ ಹಾಗೇ ಬಂದಿತ್ತು. ಚಿಕ್ಕ ಹೇಲೋಗಳು ಲೆಕ್ಕವಿಲ್ಲದಷ್ಟು. ಅವುಗಳಲ್ಲಿ ಅನಿಲ ಬೇಗ ತಣ್ಣಗಾಗುತ್ತದೆ. ಹಾಗಾಗಿ ಮಾದರಿಯಲ್ಲಿ ಆಕಾಶದ ತುಂಬ ಹೊಳೆಯುವ ಚಿಕ್ಕ ಗ್ಯಾಲಕ್ಸಿಗಳು. ನಿಜವಾದ ಆಕಾಶದಲ್ಲಿ ಅಷ್ಟಿಲ್ಲ. ಇನ್ನೊಂದು ತುದಿಯಲ್ಲಿ ಮಾದರಿಯ ದೊಡ್ಡ ಗ್ಯಾಲಕ್ಸಿಗಳು ದೈತ್ಯರಾದವು, ಇವತ್ತಿಗೂ ನೀಲಿ ನಕ್ಷತ್ರ ಹುಟ್ಟಿಸುತ್ತಾ ಇದ್ದವು. ನಿಜವಾದ ದೈತ್ಯ ಗ್ಯಾಲಕ್ಸಿಗಳು ಕೆಂಪಾಗಿವೆ, ಹಳೆಯ ನಕ್ಷತ್ರಗಳದ್ದೇ ರಾಜ್ಯ. ಎರಡೂ ತುದಿಯಲ್ಲಿ ಏನೋ ತಡೆ ಇದೆ.

ಚಿಕ್ಕ ತುದಿಯ ತಡೆ ಸೂಪರ್‌ನೋವಾ. ದೊಡ್ಡ ನಕ್ಷತ್ರ ಸಿಡಿದಾಗ ಸುತ್ತಲಿನ ಅನಿಲವನ್ನು ಹೊರಗೆ ತಳ್ಳುತ್ತದೆ. ಚಿಕ್ಕ ಪಾತ್ರೆಯಲ್ಲಿ ಹಾಲು ಕಾಯಿಸಿದರೆ ಉಕ್ಕಿ ಒಲೆಗೆ ಹೋಗುತ್ತದೆ. ಅದೇ ಹಾಲು ದೊಡ್ಡ ಕೊಪ್ಪರಿಗೆಯಲ್ಲಿದ್ದರೆ ಉಕ್ಕಿದರೂ ಕಂಠದವರೆಗೆ ಬಂದು ಇಳಿಯುತ್ತದೆ. ಚಿಕ್ಕ ಹೇಲೋಗೆ ಕಂಠ ಗಿಡ್ಡ. ಅನಿಲ ಚೆಲ್ಲಿಹೋಗುತ್ತದೆ, ನಕ್ಷತ್ರ ಆಗುವುದಿಲ್ಲ.

ಆದರೆ ದೈತ್ಯರಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕಂಠ ಎತ್ತರ, ಎಷ್ಟು ಸೂಪರ್‌ನೋವಾ ಸಿಡಿದರೂ ಅನಿಲ ವಾಪಸ್ ಬೀಳುತ್ತದೆ. ಇದು ವರ್ಷಗಟ್ಟಲೆ ತಲೆನೋವಾಗಿತ್ತು. 2006ರಲ್ಲಿ ಎರಡು ಬೇರೆ ಬೇರೆ ತಂಡಗಳು ಒಂದೇ ಔಷಧ ಹಿಡಿದು ಬಂದವು. ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ. ಒಂಚೂರು ಅನಿಲ ನುಂಗಿದರೂ ಅದು ಎಷ್ಟು ಶಕ್ತಿ ಉಗುಳುತ್ತದೆ ಅಂದರೆ, ಸುತ್ತಲಿನ ಬಿಸಿ ಅನಿಲ ತಣ್ಣಗಾಗಲು ಬಿಡುವುದಿಲ್ಲ. ಒಲೆ ಆರದ ಹಾಗೆ ಯಾರೋ ಸಿಪ್ಪೆ ಹಾಕುತ್ತಲೇ ಇದ್ದಾರೆ, ಪಾಕ ಆರುವುದೇ ಇಲ್ಲ, ಅಚ್ಚಿಗೆ ಹಾಕುವುದು ಎಲ್ಲಿಂದ?

ಎರಡೂ ತಡೆ ಹಾಕಿದ ಮೇಲೆ ಮಾದರಿ ಆಕಾಶದ ಹತ್ತಿರ ಬಂತು. ಆಗ ಗೊತ್ತಾಗಿದ್ದು ಗ್ಯಾಲಕ್ಸಿಗಳು ಎಷ್ಟು ಜಿಪುಣರು ಅಂತ. ನಕ್ಷತ್ರ ಮಾಡುವುದರಲ್ಲಿ ಎಲ್ಲಕ್ಕಿಂತ ಜಾಣ ಹೇಲೋ ಸುಮಾರು 1 ಲಕ್ಷ ಕೋಟಿ ಸೂರ್ಯರ ತೂಕದ್ದು, ಹೆಚ್ಚುಕಡಿಮೆ ನಮ್ಮದೇ. ಅಲ್ಲೂ ಸಿಕ್ಕ ಅನಿಲದಲ್ಲಿ ನಕ್ಷತ್ರ ಆಗಿದ್ದು ಐದರಲ್ಲಿ ಒಂದು ಪಾಲು, ಹೆಚ್ಚೆಂದರೆ ನಾಲ್ಕರಲ್ಲಿ ಒಂದು. ಅದರ ನೂರನೇ ಒಂದು ಪಾಲು ತೂಕದ ಹೇಲೋಗಳಲ್ಲಿ ನೂರಕ್ಕೆ ಒಂದರ ಆಸುಪಾಸು. ಅವುಗಳಿಗಿಂತ ನಮ್ಮ ತಾತನ ಆಲೆಮನೆ ಎಷ್ಟೋ ವಾಸಿ.

ಈಗ ಗ್ಯಾಲಕ್ಸಿಗಳೇ ಒಂದಕ್ಕೊಂದು ಸೇರುವುದು. ಡಿಕ್ಕಿ ಅಂದ ಕೂಡಲೇ ನಕ್ಷತ್ರಕ್ಕೆ ನಕ್ಷತ್ರ ಗುದ್ದುವ ಚಿತ್ರ ಬರುತ್ತದೆ. ಗುದ್ದುವುದಿಲ್ಲ. ಸೂರ್ಯನನ್ನು ಒಂದೂವರೆ ಮಿಲಿಮೀಟರಿನ ಸಾಸಿವೆ ಕಾಳು ಮಾಡಿ ಈ ಮೇಜಿನ ಮೇಲೆ ಇಟ್ಟರೆ, ಪಕ್ಕದ ನಕ್ಷತ್ರ ಎಲ್ಲಿರುತ್ತದೆ ಹೇಳಿ? ಮೈಸೂರಿನಲ್ಲಿ. 43 ಕಿಲೋಮೀಟರ್ ಆಚೆ ಇನ್ನೊಂದು ಸಾಸಿವೆ. ಮಧ್ಯೆ ಏನೂ ಇಲ್ಲ. ಹೀಗೆ ಚೆಲ್ಲಿದ ಸಾಸಿವೆಯ ಎರಡು ಹರವು ಒಂದರೊಳಗೊಂದು ಹಾದುಹೋದರೆ ಯಾವುದು ಯಾವುದಕ್ಕೆ ತಗಲುತ್ತದೆ? ಗುದ್ದುವುದು ಅನಿಲದ ಮೋಡಗಳು. ಅವು ಒತ್ತಿ ಒತ್ತಿ ಒಮ್ಮೆಲೇ ಬಹಳ ನಕ್ಷತ್ರ ಹುಟ್ಟುತ್ತವೆ. ನಕ್ಷತ್ರಗಳ ದಾರಿ ಮಾತ್ರ ಕಲಸಿಹೋಗುತ್ತದೆ. 1972ರಲ್ಲಿ ಟೂಮ್ರೆ ಸಹೋದರರು, ಅಲಾರ್ ಮತ್ತು ಯೂರಿ, ಕೆಲವು ಗ್ಯಾಲಕ್ಸಿ ಜೋಡಿಗಳಿಗೆ ಇರುವ ಉದ್ದನೆಯ ಬಾಲಗಳು ಈ ಸೆಳೆದಾಟದ್ದೇ ಅಂತ ತೋರಿಸಿದರು.

ನಮ್ಮ ಪುಸ್ತಕದಲ್ಲಿ ಇದಕ್ಕೆ ಒಂದು ಒರಟು ನಿಯಮ ಇದೆ. ಎರಡೂ ಸಮಸಮ ಇದ್ದರೆ, ಅಥವಾ ಚಿಕ್ಕದು ದೊಡ್ಡದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ, ತಟ್ಟೆ ಮುರಿಯಿತು ಅಂತ ಬರೆಯುತ್ತೇವೆ. ತಟ್ಟೆ ಹೋಗಿ ಉಂಡೆಯಾಯಿತು. ಚಿಕ್ಕದು ತೀರಾ ಚಿಕ್ಕದಿದ್ದರೆ ದೊಡ್ಡದರ ತಟ್ಟೆಗೆ ಏನೂ ಆಗುವುದಿಲ್ಲ, ಚಿಕ್ಕದರ ನಕ್ಷತ್ರಗಳನ್ನು ನಡುವಿನ ಉಬ್ಬಿಗೆ ಸೇರಿಸುತ್ತೇವೆ. ಮೂರನೇ ಒಂದು ಭಾಗ ಯಾಕೆ, ನಾಲ್ಕನೇ ಒಂದು ಯಾಕಲ್ಲ ಅಂತ ಕೇಳಿದರೆ ನಾನು ಸ್ವಲ್ಪ ಕೆಮ್ಮಬೇಕಾಗುತ್ತದೆ.

ನಮ್ಮ ಆಕಾಶಗಂಗೆಯೂ ಹೀಗೆ ನುಂಗಿದೆ. 2018ರಲ್ಲಿ ಗಾಯಾ ಉಪಗ್ರಹದ ಅಳತೆಗಳಿಂದ ಒಂದು ಹಳೆಯ ಸಂಬಂಧ ಬಯಲಿಗೆ ಬಂತು. ಸುಮಾರು 1000 ಕೋಟಿ ವರ್ಷದ ಹಿಂದೆ ಒಂದು ಗ್ಯಾಲಕ್ಸಿ ನಮ್ಮದರೊಳಗೆ ಬಿದ್ದಿತ್ತು. ಹೇಗೆ ಗೊತ್ತಾಯಿತು? ಧಾರವಾಡದಿಂದ ಮಂಡ್ಯಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳು ನಲವತ್ತು ವರ್ಷ ಇಲ್ಲೇ ಇದ್ದರೂ, ಒಂದು ಮಾತಾಡಿದರೆ ಗೊತ್ತಾಗುವುದಿಲ್ಲವೇ? ನಕ್ಷತ್ರಗಳೂ ಹಾಗೆ. ಅವು ಓಡುವ ದಾರಿ ನಮ್ಮ ತಟ್ಟೆಯವರದ್ದಲ್ಲ, ತೀರಾ ಉದ್ದುದ್ದ. ಅವುಗಳಲ್ಲಿರುವ ಲೋಹಗಳ ಬೆರಕೆಯೂ ಬೇರೆ. ತವರಿನ ಗುರುತು ಹೋಗಿಲ್ಲ.

ಮುಂದೆ? ಆಂಡ್ರೊಮಿಡಾ ನಮ್ಮಿಂದ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ, ಸೆಕೆಂಡಿಗೆ 110 ಕಿಲೋಮೀಟರ್ ವೇಗದಲ್ಲಿ ಹತ್ತಿರ ಬರುತ್ತಿದೆ. ಅದು ನಮ್ಮೊಡನೆ ಸೇರುವುದು ಖಂಡಿತ ಅಂತ 2012ರಿಂದ ನಾನೂ ಎಷ್ಟೋ ಶಾಲೆಗಳಲ್ಲಿ ಹೇಳಿದ್ದೇನೆ. 2025ರಲ್ಲಿ ಬಂದ ಲೆಕ್ಕ ನನ್ನ ಬಾಯಿ ಮುಚ್ಚಿಸಿತು. ಮುಂದಿನ 1000 ಕೋಟಿ ವರ್ಷದಲ್ಲಿ ಸೇರುವ ಸಾಧ್ಯತೆ ಅರ್ಧಕ್ಕರ್ಧ ಅಂತೆ, ನಾಣ್ಯ ಚಿಮ್ಮಿದ ಹಾಗೆ. ಏನು ಬದಲಾಯಿತು? ಪಕ್ಕದಲ್ಲಿರುವ ಎರಡು ಚಿಕ್ಕ ಗ್ಯಾಲಕ್ಸಿಗಳನ್ನೂ ಸರಿಯಾಗಿ ಲೆಕ್ಕಕ್ಕೆ ಹಿಡಿದರು. ಎಂ33 ಅನ್ನುವುದು ಕೂಡುವ ಕಡೆಗೆ ಎಳೆಯುತ್ತದೆ, ದೊಡ್ಡ ಮೆಗೆಲ್ಲನಿಕ್ ಮೋಡ ತಪ್ಪಿಸುವ ಕಡೆಗೆ. ದೊಡ್ಡವರ ಸಂಬಂಧವನ್ನು ಅಕ್ಕಪಕ್ಕದ ಚಿಕ್ಕವರು ಕೆಡಿಸುವುದು ಹೊಸದೇನಲ್ಲ.

ಒಂದು ಆಕ್ಷೇಪ ನಿಮ್ಮ ಮನಸ್ಸಿಗೆ ಬಂದಿರಬೇಕು. ಬರದಿದ್ದರೆ ಬರಬೇಕು. ಸೂಪರ್‌ನೋವಾ ಎಷ್ಟು ತಳ್ಳುತ್ತದೆ, ಕಪ್ಪುಕುಳಿ ಎಷ್ಟು ಕಾಯಿಸುತ್ತದೆ, ಇವೆಲ್ಲ ನಾವು ತಿರುಗಿಸುವ ಗುಂಡಿಗಳು. ಆಕಾಶಕ್ಕೆ ಹೊಂದುವವರೆಗೆ ತಿರುಗಿಸಿ, ಹೊಂದಿತು ಅಂತ ಹೇಳಿದರೆ ಅದರಲ್ಲೇನು ದೊಡ್ಡಸ್ತಿಕೆ? ಸರಿಯಾದ ಮಾತು. ನಮ್ಮ ಮರ್ಯಾದೆ ಉಳಿಸುವುದು ಒಂದೇ ಪದ್ಧತಿ. ಇವತ್ತಿನ ಗ್ಯಾಲಕ್ಸಿಗಳ ಎಣಿಕೆಗೆ ಹೊಂದಿಸಿದ ಮೇಲೆ ಗುಂಡಿ ಮುಟ್ಟಬಾರದು. ಆಮೇಲೆ ಬಣ್ಣ, ಅನಿಲದ ಪ್ರಮಾಣ, 800 ಕೋಟಿ ವರ್ಷದ ಹಿಂದಿನ ಎಣಿಕೆ, ಇವುಗಳನ್ನು ಅದು ತಾನಾಗಿ ಸರಿ ಹೇಳುತ್ತದಾ ಅಂತ ನೋಡಬೇಕು. ಎಲ್ಲರೂ ಯಾವಾಗಲೂ ಹೀಗೆ ಮಾಡುತ್ತಾರೆ ಅಂತ ಆಣೆ ಮಾಡಿ ಹೇಳಲಾರೆ.

ಅನಿಲವನ್ನೂ ನೇರವಾಗಿ ಸಿಮ್ಯುಲೇಶನ್‌ಗೆ ಹಾಕುವವರಿದ್ದಾರೆ. ಇಲ್ಲಸ್ಟ್ರಿಸ್, ಈಗಲ್ ಇವೆಲ್ಲ ಆ ಜಾತಿಯವು. ಚಿತ್ರಗಳು ಎಷ್ಟು ಚೆಂದ ಅಂದರೆ ನಿಜವಾದ ಫೋಟೊ ಅನಿಸುತ್ತದೆ. ಆದರೆ ಅವುಗಳಲ್ಲೂ ಅನಿಲದ ಒಂದು ಚುಕ್ಕೆ 10 ಲಕ್ಷ ಸೂರ್ಯರಿಗಿಂತ ಭಾರ. ಒಂದು ನಕ್ಷತ್ರ ಹುಟ್ಟುವುದು, ಸಿಡಿಯುವುದು ಅದರೊಳಗೆ ಕಾಣುವುದಿಲ್ಲ. ಅಲ್ಲೂ ಗುಂಡಿಗಳಿವೆ, ಸ್ವಲ್ಪ ಒಳಗೆ ಬಚ್ಚಿಟ್ಟಿದ್ದಾರೆ ಅಷ್ಟೇ.

2021ರ ಡಿಸೆಂಬರ್ 25ರಂದು ಜೇಮ್ಸ್ ವೆಬ್ ದೂರದರ್ಶಕ ಹಾರಿತು. ಬ್ರಹ್ಮಾಂಡಕ್ಕೆ 30 ಕೋಟಿ ವರ್ಷವೂ ತುಂಬದ ಕಾಲದಲ್ಲಿ ಹೊಳೆಯುವ ಗ್ಯಾಲಕ್ಸಿಗಳನ್ನು ಅದು ತೋರಿಸಿದೆ, ನಮ್ಮ ಮಾದರಿಗಳು ಹೇಳಿದ್ದಕ್ಕಿಂತ ಜಾಸ್ತಿ. ಕಪ್ಪು ದ್ರವ್ಯದ ಕತೆಯೇ ಮುಗಿಯಿತು ಅಂತ ಕೆಲವರು ತಲೆಬರಹ ಹಾಕಿದರು. ನನಗೆ ಹಾಗನ್ನಿಸುವುದಿಲ್ಲ. ಹೇಲೋಗಳ ಲೆಕ್ಕದಲ್ಲಿ ಒಂದೇ ನಿಯಮ, ಅಲ್ಲಿ ಕೈಚಳಕಕ್ಕೆ ಜಾಗ ಕಡಿಮೆ. ತಪ್ಪಿರುವುದು ನಮ್ಮ ಆಲೆಮನೆಯ ಲೆಕ್ಕ. ಆ ಕಾಲದ ಗಿಜಿಗಿಜಿ ಅನಿಲದಲ್ಲಿ ನಕ್ಷತ್ರ ಬಹುಶಃ ಬೇಗ ಬೇಗ ಆಗುತ್ತಿತ್ತು, ಇಲ್ಲವೇ ಭರಭರನೆ ಒಮ್ಮೆ ಹೊತ್ತಿ ಆಮೇಲೆ ಆರುತ್ತಿತ್ತು. ಇವತ್ತಿನ ಗುಂಡಿಗಳನ್ನು ಅಂದಿಗೂ ಹಚ್ಚಿದ್ದು ನಮ್ಮ ತಪ್ಪು. ಇದು ನನ್ನ ಅಂದಾಜು, ಪಣ ಕಟ್ಟುವುದಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು. "ಅಲ್ಲ ಕಣಮ್ಮ, ಆ ಕಪ್ಪು ದ್ರವ್ಯ ಈ ಹಾಲ್‌ನಾಗೂ ಐತಾ?"

ಐತೆ ಅಂದೆ. ಈಗಲೂ ನಮ್ಮ ಮೈಯೊಳಗೆ ಹಾದುಹೋಗುತ್ತಿದೆ. ಎಷ್ಟು ಅಂತ ಕೇಳಿದರು. ಅಂದಾಜಿನ ಲೆಕ್ಕ ಇದೆ. ಇಡೀ ಭೂಮಿಯಷ್ಟು ಗಾತ್ರದ ಜಾಗದಲ್ಲಿ ಯಾವುದೇ ಒಂದು ಗಳಿಗೆಯಲ್ಲಿ ಇರುವ ಕಪ್ಪು ದ್ರವ್ಯ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ. ಒಂದು ಅಚ್ಚು ಬೆಲ್ಲದ ತೂಕ.

ಅವರು ನಕ್ಕರು. "ಅಷ್ಟೇ ಇರಾದು ಐದು ಪಾಲು ಹೆಂಗಾಯ್ತದೆ?"

ಇಡೀ ದಿನದ ಒಳ್ಳೆಯ ಪ್ರಶ್ನೆ ಅದು. ನಮ್ಮ ಸುತ್ತಮುತ್ತ, ಆಕಾಶಗಂಗೆಯ ತಟ್ಟೆಯೊಳಗೆ, ನಕ್ಷತ್ರ ಮತ್ತು ಅನಿಲದ ತೂಕವೇ ಜಾಸ್ತಿ. ಕಪ್ಪು ದ್ರವ್ಯ ಇಲ್ಲಿ ಅದರ ಹತ್ತನೇ ಒಂದು ಪಾಲಿನಷ್ಟು ಮಾತ್ರ. ಆದರೆ ತಟ್ಟೆ ಒಂದು ಅಡಿ, ಒಬ್ಬಟ್ಟಿನ ದಪ್ಪ. ಅದರ ಅಂಚು ದಾಟಿದರೆ, ಮೇಲೆ ಕೆಳಗೆ ಒಂದಿಂಚು ಹೋದರೆ, ನಕ್ಷತ್ರಗಳು ಮುಗಿದವು ಅಂತಲೇ ಲೆಕ್ಕ. ಹದಿಮೂರು ಅಡಿಯ ಚೆಂಡು ಮುಗಿಯುವುದಿಲ್ಲ. ಅದು ತೆಳ್ಳಗೆ, ಎಲ್ಲ ಕಡೆ, ಚಾವಣಿಯವರೆಗೂ ಇದೆ.

ಹಿರಿಯರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಹಂಗಾರೆ ನಾವು ಕಾಣಾದು ಕಬ್ಬಿನ ಗದ್ದೆ, ಅದು ಗೋಮಾಳ ಅನ್ನು" ಅಂದು ಕೂತುಕೊಂಡರು.